ಪ್ರತಿರೂಪಕ ವ್ಯವಹಾರ: ಖೋಟಾ ನೋಟು ಮತ್ತು ಶ್ರಾವಕನ ಅಚೌರ್ಯ ವ್ರತ

ಗೃಹಸ್ಥ ಧರ್ಮಕ್ಕೆ ಆಧಾರವಾದವು ಐದು ಅಣುವ್ರತಗಳು. ಅಹಿಂಸೆ, ಸತ್ಯ, ಅಚೌರ್ಯ, ಬ್ರಹ್ಮಚರ್ಯ ಮತ್ತು ಪರಿಗ್ರಹ ಪರಿಮಾಣ ಎಂಬ ಈ ಐದರಲ್ಲಿ, ವ್ಯಾಪಾರ ವೃತ್ತಿಯಲ್ಲಿರುವ ಶ್ರಾವಕನನ್ನು ದಿನ ಬೆಳಗಾದರೆ ಪರೀಕ್ಷೆಗೆ ಒಡ್ಡುವುದು ಮೂರನೆಯದಾದ ಅಚೌರ್ಯ. ತಾನು ಯಾರ ಮನೆಗೂ ಕನ್ನ ಹಾಕಿಲ್ಲ, ಯಾರ ಗಂಟನ್ನೂ ಕದ್ದಿಲ್ಲ, ಆದುದರಿಂದ ಈ ವ್ರತವು ತನ್ನಲ್ಲಿ ಅಖಂಡವಾಗಿದೆ ಎಂದು ಭಾವಿಸುವವರು ಅನೇಕರು. ಆದರೆ ನಮ್ಮ ಆಚಾರ್ಯರು ಅಷ್ಟಕ್ಕೇ ಸಮಾಧಾನಪಟ್ಟವರಲ್ಲ. ದಿಗಂಬರ, ಶ್ವೇತಾಂಬರ ಉಭಯ ಆಮ್ನಾಯಗಳಿಗೂ ಮಾನ್ಯವಾದ ತತ್ತ್ವಾರ್ಥಸೂತ್ರವು ಅಚೌರ್ಯ ವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ. ಕಳ್ಳನಿಗೆ ಪ್ರೇರಣೆ ಕೊಡುವುದು, ಕಳ್ಳನು ತಂದ ವಸ್ತುವನ್ನು ಕೊಳ್ಳುವುದು, ರಾಜ್ಯದ ನಿಯಮವನ್ನು ಮೀರಿ ವ್ಯವಹರಿಸುವುದು, ತೂಕ ಅಳತೆಗಳಲ್ಲಿ ಹೆಚ್ಚು ಕಡಿಮೆ ಮಾಡುವುದು, ಕಡೆಯದಾಗಿ ಪ್ರತಿರೂಪಕ ವ್ಯವಹಾರ.

ಪ್ರತಿರೂಪಕ ವ್ಯವಹಾರವೆಂದರೆ ಏನು? ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ, ಕೃತ್ರಿಮವಾದ ಚಿನ್ನ ಮೊದಲಾದವುಗಳಿಂದ ವಂಚನೆಯ ಬುದ್ಧಿಯಿಟ್ಟು ನಡೆಸುವ ವ್ಯವಹಾರವೇ ಅದು ಎಂದು ವಿವರಿಸಿದ್ದಾರೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಇದೇ ದೋಷಕ್ಕೆ ಸದೃಶಸನ್ಮಿಶ್ರ ಎಂಬ ಹೆಸರಿದೆ. ನೋಡಲು ಒಂದೇ ತೆರನಾದುದನ್ನು ಒಳ್ಳೆಯದರೊಡನೆ ಬೆರೆಸಿ ಸಾಗಹಾಕುವುದು ಎಂದು ಅರ್ಥ. ಆ ಮಹನೀಯರ ಕಾಲದಲ್ಲಿ ಭಾರತದಲ್ಲಿ ಕಾಗದದ ಹಣ ಇರಲಿಲ್ಲ. ಆದರೂ ಅವರು ಹೇಳಿದ ಲಕ್ಷಣವು ಇಂದಿನ ಖೋಟಾ ನೋಟಿಗೆ ಅಕ್ಷರಶಃ ಹೊಂದಿಕೊಳ್ಳುತ್ತದೆ. ಖೋಟಾ ನೋಟನ್ನು ಅಚ್ಚು ಹಾಕುವವನು ಪಾಪಿ ಎಂಬುದರಲ್ಲಿ ಯಾರಿಗೂ ಸಂದೇಹವಿಲ್ಲ. ವಿಚಾರ ಮಾಡಬೇಕಾದ ಪ್ರಶ್ನೆ ಬೇರೆ. ತಾನು ತಯಾರಿಸದ, ತಾನು ಬಯಸದ, ಯಾರೋ ಮಾಡಿದ ಮೋಸದಿಂದ ತನ್ನ ಗಲ್ಲಾಪೆಟ್ಟಿಗೆಗೆ ಬಂದು ಬಿದ್ದ ನೋಟನ್ನು ಒಬ್ಬ ಸಜ್ಜನನು ಸುಮ್ಮನೆ ಮುಂದಿನವರಿಗೆ ದಾಟಿಸಿದರೆ, ಅವನ ವ್ರತವು ಉಳಿಯಿತೇ, ಅಳಿಯಿತೇ?

ಒಂದು ಸಂತೆಯ ಸಂಜೆ

ಸೋಲಾಪುರ ಜಿಲ್ಲೆಯ ಗಡಿಭಾಗದ ಒಂದು ಊರು. ಸಂತೆಯ ದಿನ ಅಂಗಡಿಯ ಮುಂದೆ ಕನ್ನಡ, ಮರಾಠಿ, ಹಿಂದಿ ಮೂರೂ ಒಟ್ಟಿಗೆ ಕೇಳಿಬರುವ ಸ್ಥಳ. ದೀಪ ಹಚ್ಚುವ ಹೊತ್ತಿಗೆ ಒಬ್ಬ ವೃದ್ಧೆ ಕಿರಾಣಿ ಅಂಗಡಿಗೆ ಬಂದು ಎಣ್ಣೆ, ಸಕ್ಕರೆ, ಚಹಾಪುಡಿ, ಜೋಳದ ಹಿಟ್ಟು ಕಟ್ಟಿಸಿಕೊಂಡು, ಸೆರಗಿನ ಗಂಟಿನಿಂದ 500 ರೂಪಾಯಿಯ ಒಂದು ನೋಟನ್ನು ಬಿಚ್ಚಿಕೊಟ್ಟಳು. ತೊಗರಿ ಕೊಯ್ಲಿನ ಕೂಲಿಯ ಹಣವದು. ವ್ಯಾಪಾರಿಯ ಬೆರಳಿಗೆ ಕಾಗದ ನುಣುಪೆನಿಸಿತು. ದೀಪಕ್ಕೆ ಹಿಡಿದು ನೋಡಿದರು. ನೋಟು ಖೋಟಾ ಆಗಿತ್ತು.

"ಯವ್ವಾ, ಈ ನೋಟು ಯಾರು ಕೊಟ್ಟರು?" ಎಂದು ಕೇಳಿದರು. ಅವಳಿಗೆ ಪ್ರಶ್ನೆಯ ಅರ್ಥವೇ ಆಗಲಿಲ್ಲ. "ಹೊಲದ ಮಾಲಕರು ಕೊಟ್ಟಾರ್ರೀ ಸಾವ್ಕಾರ್ರ, ಯಾಕ್ರೀ?" ಎಂದಳು. ಅವಳಿಗೆ ಓದು ಬರಹ ಬಾರದು. ಬಣ್ಣವನ್ನೂ ಗಾಂಧೀಜಿಯವರ ಚಿತ್ರವನ್ನೂ ನೋಡಿ ನೋಟನ್ನು ಗುರುತಿಸುವವಳು ಅವಳು.

ವ್ಯಾಪಾರಿಯ ಮುಂದೆ ಆಗ ಮೂರು ದಾರಿಗಳಿದ್ದವು. ನೋಟನ್ನು ಅವಳ ಕೈಗೇ ಹಿಂದಿರುಗಿಸಿ, ಕಟ್ಟಿದ ಸಾಮಾನನ್ನು ಬಿಚ್ಚಿ ಇಡಬಹುದಿತ್ತು; ಆಗ ಅವಳು ಕತ್ತಲಲ್ಲಿ ಇನ್ನೊಂದು ಅಂಗಡಿಗೆ ಹೋಗಿ ಅದನ್ನೇ ಕೊಡುವ ಪ್ರಸಂಗ ಬರುತ್ತಿತ್ತು, ಅಲ್ಲವಾದರೆ ಆ ಮನೆಯಲ್ಲಿ ಒಲೆ ಹೊತ್ತುತ್ತಿರಲಿಲ್ಲ. ಎರಡನೆಯದಾಗಿ, ಏನೂ ಹೇಳದೆ ನೋಟನ್ನು ಇಟ್ಟುಕೊಂಡು, ಸಂತೆಯ ಗದ್ದಲದಲ್ಲಿ ಮತ್ತೊಬ್ಬ ಗಿರಾಕಿಗೆ ಚಿಲ್ಲರೆಯೊಡನೆ ಸೇರಿಸಿ ಕೊಟ್ಟುಬಿಡಬಹುದಿತ್ತು. ಆಗ ವ್ಯಾಪಾರಿಗೂ ನಷ್ಟವಿಲ್ಲ, ವೃದ್ಧೆಗೂ ನಷ್ಟವಿಲ್ಲ, ಕಣ್ಣಿಗೆ ಕಾಣದ ಮೂರನೆಯವನಿಗೆ ನಷ್ಟ. ಮೂರನೆಯದು, ಆ ನಷ್ಟವನ್ನು ತಾವೇ ನುಂಗಿಕೊಳ್ಳುವುದು. ಅವರು ಏನು ಮಾಡಿದರು ಎಂಬುದನ್ನು ಹೇಳುವ ಮೊದಲು, ನೋಟಿನ ರಕ್ಷಣೆಯ ಭಾರವು ಯಾರ ಯಾರ ಮೇಲೆ ಬಂದಿದೆ ಎಂಬುದನ್ನು ವಿಚಾರಿಸುವುದು ಯೋಗ್ಯ.

ಒರೆಗಲ್ಲಿನಿಂದ ಕಾಗದಕ್ಕೆ

ಹಿಂದಿನವರಿಗೆ ಹಣವೆಂದರೆ ಲೋಹ. ದಾನಚಿಂತಾಮಣಿ ಅತ್ತಿಮಬ್ಬೆಯ ಜಿನಾಲಯದಿಂದ ಪವಿತ್ರವಾದ ಲಕ್ಕುಂಡಿಯು ಚಾಲುಕ್ಯರ ಕಾಲದಲ್ಲಿ ಟಂಕಸಾಲೆಯ ಊರೂ ಆಗಿತ್ತು. ಲೊಕ್ಕಿ ಗದ್ಯಾಣವೆಂಬ ಹೊನ್ನು ಅಲ್ಲಿಂದಲೇ ಹೆಸರು ಪಡೆಯಿತು. ಹೊನ್ನು ಸುಳ್ಳಾಗಿದ್ದರೆ ಒರೆಗಲ್ಲು ಹೇಳುತ್ತಿತ್ತು, ತಕ್ಕಡಿ ಹೇಳುತ್ತಿತ್ತು, ಬೆಂಕಿ ಹೇಳುತ್ತಿತ್ತು. ಈ ವಿದ್ಯೆಯಲ್ಲಿ ಜೈನರ ಪಾಲು ಸಣ್ಣದಲ್ಲ. ಶ್ರೀಮಾಲ ಕುಲದ ಜೈನ ಶ್ರಾವಕ ಠಕ್ಕುರ ಫೇರು ಎಂಬಾತ ದೆಹಲಿಯ ಸುಲ್ತಾನರ ಟಂಕಸಾಲೆಯಲ್ಲಿ ಅಧಿಕಾರಿಯಾಗಿದ್ದನು. ತನ್ನ ಅನುಭವವನ್ನೆಲ್ಲ ಕೂಡಿಸಿ 1318ರಲ್ಲಿ ದ್ರವ್ಯಪರೀಕ್ಷಾ ಎಂಬ ಗ್ರಂಥವನ್ನು ಬರೆದನು. ಅಂದು ಚಲಾವಣೆಯಲ್ಲಿದ್ದ ನಾನಾ ರಾಜ್ಯಗಳ ನಾಣ್ಯಗಳ ತೂಕವೆಷ್ಟು, ಅವುಗಳಲ್ಲಿ ಶುದ್ಧ ಲೋಹವೆಷ್ಟು, ವಿನಿಮಯದ ಬೆಲೆಯೆಷ್ಟು ಎಂಬುದನ್ನು ಅದರಲ್ಲಿ ವಿವರಿಸಿದ್ದಾನೆ. ಆ ಗ್ರಂಥವನ್ನು ಅವನು ರಚಿಸಿದ್ದು ತನ್ನ ಸಹೋದರನಿಗಾಗಿ ಮತ್ತು ಮಗನಿಗಾಗಿ. ಆಸ್ತಿಯೊಡನೆ ಅಸಲು ನಕಲಿಗಳ ವಿವೇಕವನ್ನೂ ಮಕ್ಕಳಿಗೆ ಬಿಟ್ಟು ಹೋಗಬೇಕೆಂಬ ಆ ಶ್ರಾವಕನ ದೃಷ್ಟಿ ಇಂದಿಗೂ ಆದರ್ಶಪ್ರಾಯವಾಗಿದೆ.

ಠಕ್ಕುರ ಫೇರು ಗ್ರಂಥ ಬರೆದು ಸುಮಾರು ಹನ್ನೆರಡು ವರ್ಷಗಳಲ್ಲಿ ಅದೇ ದೆಹಲಿಯಲ್ಲಿ ಮಹಮ್ಮದ್ ಬಿನ್ ತುಘಲಕನು ತಾಮ್ರ ಹಿತ್ತಾಳೆಯ ನಾಣ್ಯಗಳನ್ನು ಹೊರಡಿಸಿ, ಇವು ಬೆಳ್ಳಿಯ ಟಂಕಕ್ಕೆ ಸಮ ಎಂದು ಆಜ್ಞಾಪಿಸಿದನು. ಆಜ್ಞೆಯಿತ್ತು, ಆದರೆ ಆ ನಾಣ್ಯವನ್ನು ಅನುಕರಿಸಲಾಗದಂತೆ ಮಾಡುವ ಕುಶಲತೆ ಇರಲಿಲ್ಲ. ಮನೆಮನೆಯೂ ಟಂಕಸಾಲೆಯಾಯಿತೆಂದು ಸಮಕಾಲೀನ ಇತಿಹಾಸಕಾರ ಬರನಿ ಬರೆದಿದ್ದಾನೆ. ಕಡೆಗೆ ಸುಲ್ತಾನನೇ ಆ ನಾಣ್ಯಗಳನ್ನು ಹಿಂದಕ್ಕೆ ಪಡೆದು ಖಜಾನೆಯಿಂದ ಚಿನ್ನ ಬೆಳ್ಳಿ ಕೊಡಬೇಕಾಯಿತು. ವಸ್ತುವಿನ ಬೆಲೆಯು ವಸ್ತುವಿನೊಳಗೆ ಇಲ್ಲದೆ ಮಾತಿನಲ್ಲಿ ಮಾತ್ರ ಇರುವಾಗ, ಆ ಮಾತನ್ನು ಕಾಯುವ ಹೊಣೆ ಎಷ್ಟು ದೊಡ್ಡದೆಂಬುದನ್ನು ಈ ಪ್ರಸಂಗವು ತೋರಿಸುತ್ತದೆ.

ಭಯದ ಕೋಟೆ

ಕಾಗದದ ಹಣ ಮೊದಲು ಹುಟ್ಟಿದ್ದು ಚೀನಾ ದೇಶದಲ್ಲಿ. ಸಿಚುವಾನ್ ಪ್ರಾಂತದ ವರ್ತಕರ ಚೀಟಿಗಳನ್ನು ಹನ್ನೊಂದನೆಯ ಶತಮಾನದ ಆರಂಭದಲ್ಲಿ ಅಲ್ಲಿಯ ಸರಕಾರವೇ ಕೈಗೆತ್ತಿಕೊಂಡಿತು. 1375ರಲ್ಲಿ ಆರಂಭವಾದ ಮಿಂಗ್ ವಂಶದ ನೋಟಿನ ಮೇಲೆಯೇ ಎಚ್ಚರಿಕೆ ಅಚ್ಚಾಗುತ್ತಿತ್ತು: ಖೋಟಾ ನೋಟು ಮಾಡಿದವನಿಗೆ ಶಿರಚ್ಛೇದ, ಹಿಡಿದುಕೊಟ್ಟವನಿಗೆ ಬೆಳ್ಳಿಯ ಬಹುಮಾನ ಮತ್ತು ಅಪರಾಧಿಯ ಆಸ್ತಿ. ಭಯವೊಂದನ್ನೇ ಕಾವಲಿಟ್ಟು ಹಣವನ್ನು ರಕ್ಷಿಸುವ ಪದ್ಧತಿ ಇದು.

ಈ ಪದ್ಧತಿಯ ಕ್ರೂರ ಫಲವನ್ನು ಕಾಣಬೇಕಾದರೆ ಇಂಗ್ಲೆಂಡಿನ ಇತಿಹಾಸವನ್ನು ನೋಡಬೇಕು. 1797ರಲ್ಲಿ ಫ್ರಾನ್ಸಿನೊಡನೆ ಯುದ್ಧ ನಡೆದಿದ್ದಾಗ ಬ್ಯಾಂಕ್ ಆಫ್ ಇಂಗ್ಲೆಂಡ್ ನೋಟಿಗೆ ಬದಲಾಗಿ ಚಿನ್ನ ಕೊಡುವುದನ್ನು ನಿಲ್ಲಿಸಿ, ಒಂದು ಪೌಂಡು ಮತ್ತು ಎರಡು ಪೌಂಡುಗಳ ಸಣ್ಣ ನೋಟುಗಳನ್ನು ಹೊರಡಿಸಿತು. ಅಲ್ಲಿಯವರೆಗೆ ನೋಟನ್ನು ಕಂಡರಿಯದ ಬಡವರ ಕೈಗೆ ಅವು ಬಂದವು. ಬಿಳಿಯ ಕಾಗದದ ಒಂದೇ ಬದಿಗೆ ಕಪ್ಪು ಮಸಿಯಲ್ಲಿ ಅಚ್ಚಾದ ಆ ನೋಟನ್ನು ಸಾಮಾನ್ಯ ಕೆತ್ತನೆಗಾರನೂ ನಕಲು ಮಾಡಬಹುದಾಗಿತ್ತು. ನಕಲು ಮಾಡಿದವರಿಗೆ ಮಾತ್ರವಲ್ಲ, ಖೋಟಾ ಎಂದು ತಿಳಿದು ಚಲಾಯಿಸಿದವರಿಗೂ ಮರಣದಂಡನೆ. 1821ರವರೆಗಿನ ಅವಧಿಯಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಈ ಅಪರಾಧಗಳಿಗಾಗಿ ಗಲ್ಲಿಗೇರಿದರು. ಅವರಲ್ಲಿ ಸ್ತ್ರೀಯರೂ ಇದ್ದರು. ಜಾರ್ಜ್ ಕ್ರುಕ್‌ಶಾಂಕ್ ಎಂಬ ಚಿತ್ರಕಾರನು ಇದನ್ನು ಕಂಡು ಮನನೊಂದು, 1819ರಲ್ಲಿ ನೋಟಿನ ಆಕಾರದಲ್ಲಿಯೇ ಒಂದು ವಿಡಂಬನೆಯ ಚಿತ್ರವನ್ನು ಅಚ್ಚು ಹಾಕಿಸಿದನು. ಅದರಲ್ಲಿ ಸಾಲಾಗಿ ನೇಣಿಗೆ ತೂಗುವ ಮನುಷ್ಯರ ಚಿತ್ರವಿತ್ತು. ಆ ವೇಳೆಗೆ ಲಂಡನ್ನಿನ ಜ್ಯೂರಿಗಳೂ ಆರೋಪಿಗಳನ್ನು ಬಿಡುಗಡೆ ಮಾಡತೊಡಗಿದ್ದರು. 1821ರಲ್ಲಿ ಮತ್ತೆ ಚಿನ್ನ ಕೊಡಲು ಆರಂಭಿಸಿ ಸಣ್ಣ ನೋಟುಗಳನ್ನು ಹಿಂತೆಗೆದುಕೊಳ್ಳಲಾಯಿತು. 1832 ಮತ್ತು 1837ರ ಕಾಯ್ದೆಗಳಿಂದ ಈ ಅಪರಾಧಕ್ಕೆ ಮರಣದಂಡನೆಯೇ ರದ್ದಾಯಿತು.

ಅಹಿಂಸೆಯನ್ನು ಪರಮಧರ್ಮವೆಂದು ನಂಬಿದವರು ಇದನ್ನು ಗಮನಿಸಬೇಕು. ನೋಟನ್ನು ಸುಲಭವಾಗಿ ನಕಲು ಮಾಡುವಂತೆ ಅಚ್ಚು ಹಾಕಿದ್ದು ಬ್ಯಾಂಕಿನ ಪ್ರಮಾದ. ಅದರ ಬೆಲೆ ತೆತ್ತದ್ದು ಬಡವರ ಕೊರಳು. ಯಾವುದನ್ನು ಕುಶಲತೆಯಿಂದ ರಕ್ಷಿಸಬಹುದೋ ಅದನ್ನು ಹಿಂಸೆಯಿಂದ ರಕ್ಷಿಸಹೊರಡುವುದು ಅಧರ್ಮ. ಶಿಕ್ಷೆ ಬೇಡವೆಂದಲ್ಲ, ಶಿಕ್ಷೆಯು ಎಚ್ಚರಿಕೆಗೆ ಬದಲಿಯಾಗಲಾರದು ಎಂದು ಇದರ ಅರ್ಥ.

ಕುಶಲತೆಯ ಕೋಟೆ

ಭಾರತದಲ್ಲಿ 1861ರ ಕಾಯ್ದೆಯಿಂದ ಸರಕಾರವೇ ನೋಟು ಹೊರಡಿಸತೊಡಗಿತು. ರಾಣಿ ವಿಕ್ಟೋರಿಯಾಳ ಚಿತ್ರವಿದ್ದ ಆ ಮೊದಲ ನೋಟುಗಳನ್ನು ನಕಲಿಯ ಹಾವಳಿಯಿಂದಾಗಿಯೇ ಹಿಂತೆಗೆದು, 1867ರಿಂದ ಬಣ್ಣದ ಹಿನ್ನೆಲೆಯ ಹೊಸ ಮಾಲೆಯನ್ನು ತರಬೇಕಾಯಿತು. ಆಗ ಒಂದು ವಲಯದ ನೋಟು ಇನ್ನೊಂದು ವಲಯದಲ್ಲಿ ಹಕ್ಕಿನಿಂದ ಚಲಾವಣೆಯಾಗುತ್ತಿರಲಿಲ್ಲ. ಮುಂಬಯಿ ವಲಯಕ್ಕೆ ಸೇರಿದ ಸೋಲಾಪುರದ ವರ್ತಕನಿಗೂ ಮದರಾಸು ವಲಯಕ್ಕೆ ಸೇರಿದ ಕಾಸರಗೋಡು, ವಯನಾಡುಗಳ ವರ್ತಕನಿಗೂ ನೋಟು ಬೇರೆ. 1903ರಿಂದ 1911ರ ಅವಧಿಯಲ್ಲಿ ಈ ಗಡಿಗಳು ಒಂದೊಂದಾಗಿ ಅಳಿದವು. ಇಂದು ನೋಟಿನ ಹಿಂಬದಿಯ ಪಟ್ಟಿಯಲ್ಲಿ ಅದರ ಬೆಲೆಯು 15 ಭಾಷೆಗಳಲ್ಲಿ ಅಚ್ಚಾಗಿರುತ್ತದೆ. ಅಸ್ಸಾಮಿ, ಬಂಗಾಳಿ, ಗುಜರಾತಿಗಳ ನಂತರ ನಾಲ್ಕನೆಯ ಸಾಲಿನಲ್ಲಿ ಕನ್ನಡವಿದೆ. ಮಲಯಾಳಂ, ಮರಾಠಿ, ತಮಿಳು, ತೆಲುಗುಗಳೂ ಇವೆ. ಮನೆಮಾತು ಯಾವುದಾದರೂ ಬೆಲೆ ಒಂದೇ. ಗಡಿನಾಡಿನ ಜೈನ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಚಲಾವಣೆಯಲ್ಲಿರುವ, 2016ರಲ್ಲಿ ಬಂದ ಮಹಾತ್ಮಾ ಗಾಂಧಿ ಹೊಸ ಮಾಲೆಯ 500 ರೂಪಾಯಿ ನೋಟನ್ನೇ ನೋಡಬಹುದು. ಹತ್ತಿಯ ನಾರಿನಿಂದಾದ ಕಾಗದ. ಬೆರಳಿಗೆ ಗರಿಗರಿ ಎನ್ನುತ್ತದೆ. ಬೆಳಕಿಗೆ ಹಿಡಿದರೆ ಬಿಳಿಯ ಜಾಗದಲ್ಲಿ ಗಾಂಧೀಜಿಯವರ ನೀರುಗುರುತು ಮತ್ತು 500 ಎಂಬ ಅಂಕೆ ಕಾಣುತ್ತವೆ. ಕಾಗದದೊಳಗೆ ನೇಯ್ದಂತಿರುವ ಭದ್ರತಾ ಎಳೆಯು ನೋಟನ್ನು ಓರೆ ಮಾಡಿದಾಗ ಹಸಿರಿನಿಂದ ನೀಲಿಗೆ ತಿರುಗುತ್ತದೆ. ಬಲಗಡೆ ಕೆಳಗೆ ರೂಪಾಯಿ ಚಿಹ್ನೆಯೊಡನೆ ಇರುವ 500ರ ಅಂಕೆಯೂ ಹಾಗೆಯೇ ಬಣ್ಣ ಬದಲಿಸುತ್ತದೆ. ಕ್ರಮಸಂಖ್ಯೆಯ ಅಂಕೆಗಳು ಎಡದಿಂದ ಬಲಕ್ಕೆ ದೊಡ್ಡದಾಗುತ್ತ ಹೋಗುತ್ತವೆ. ಗಾಂಧೀಜಿಯವರ ಚಿತ್ರ, ಅಶೋಕ ಸ್ತಂಭ ಮತ್ತು ಎರಡೂ ಅಂಚುಗಳ ಐದೈದು ಓರೆಗೆರೆಗಳು ಉಬ್ಬಿಕೊಂಡಿರುತ್ತವೆ. ದೃಷ್ಟಿಯಿಲ್ಲದವರು ಬೆರಳಿನಿಂದ ಅವನ್ನು ಓದಬಲ್ಲರು. ಇಂತಹ ನೋಟುಗಳನ್ನು ಅಚ್ಚು ಹಾಕುವ ಮುದ್ರಣಾಲಯವೂ ಅವುಗಳ ಕಾಗದವನ್ನು ತಯಾರಿಸುವ ಕಾರ್ಖಾನೆಯೂ ಮೈಸೂರಿನಲ್ಲಿವೆ ಎಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ.

ಇವುಗಳಲ್ಲಿ ಯಾವುದೋ ಒಂದು ಗುರುತನ್ನು ಮಾತ್ರ ನೋಡಿ ನಿರ್ಣಯಿಸುವುದು ಸಲ್ಲದು. ಒಂದೊಂದು ಗುರುತನ್ನೂ ಖೋಟಾಗಾರನು ಹೇಗೋ ಅನುಕರಿಸಬಲ್ಲನು. ಎಲ್ಲವನ್ನೂ ಒಂದೇ ಕಾಗದದಲ್ಲಿ ಕೂಡಿಸುವುದು ಅವನಿಗೆ ಕಷ್ಟ. ಒಂದೇ ಮಗ್ಗುಲಿನಿಂದ ನೋಡಿ ವಸ್ತುವನ್ನು ನಿರ್ಣಯಿಸಬಾರದೆಂಬ ಅನೇಕಾಂತದ ಪಾಠ ಇಲ್ಲಿಯೂ ಸಲ್ಲುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯಿದೆ. ಮತಿಜ್ಞಾನಕ್ಕೆ ನಮ್ಮ ಆಗಮವು ಹೇಳಿದ ನಾಲ್ಕು ಮೆಟ್ಟಿಲುಗಳು ಈ ಪರೀಕ್ಷೆಯ ಮೆಟ್ಟಿಲುಗಳೂ ಹೌದು. ನೋಟು ಕೈಗೆ ಬಂದೊಡನೆ ಆಗುವ ಸ್ಥೂಲವಾದ ಅರಿವು ಅವಗ್ರಹ. ಕಾಗದ ನುಣುಪಾಗಿದೆಯಲ್ಲ, ಏಕಿರಬಹುದು ಎಂಬ ವಿಚಾರಣೆ ಈಹೆ. ಎಳೆ, ನೀರುಗುರುತು, ಉಬ್ಬುಗಳನ್ನು ನೋಡಿ ಅಹುದು ಅಥವಾ ಅಲ್ಲ ಎಂದು ನಿಶ್ಚಯಿಸುವುದು ಅವಾಯ. ಹಾಗೆ ನಿಶ್ಚಯಿಸಿದ್ದನ್ನು ಮರೆಯದೆ ಮುಂದಿನ ನೋಟಿಗೂ ಅನ್ವಯಿಸುವುದು ಧಾರಣೆ. ಅವಗ್ರಹದಲ್ಲಿಯೇ ನಿಂತು, ಗಿರಾಕಿಯ ಮುಖ ನೋಡಿ ನೋಟನ್ನು ಗಲ್ಲಾಪೆಟ್ಟಿಗೆಗೆ ಹಾಕುವವನು ಪ್ರಮಾದಕ್ಕೆ ಒಳಗಾಗುತ್ತಾನೆ.

ಅಸಲು ಎಂಬುದು ಯಾವುದು?

ಕುಶಲತೆಯೂ ಸಾಲದೆಂದು ತೋರಿಸಿದ ಒಂದು ವಿಚಿತ್ರ ಪ್ರಕರಣ ಪೋರ್ಚುಗಲ್ ದೇಶದಲ್ಲಿ ನಡೆಯಿತು. ಅಲ್ವೆಸ್ ರೈಸ್ ಎಂಬಾತ ಬ್ಯಾಂಕ್ ಆಫ್ ಪೋರ್ಚುಗಲ್‌ನ ಹೆಸರಿನಲ್ಲಿ ಸುಳ್ಳು ಕರಾರುಪತ್ರವನ್ನು ಸೃಷ್ಟಿಸಿ, ಆ ಬ್ಯಾಂಕಿಗೆ ನೋಟು ಅಚ್ಚು ಹಾಕಿಕೊಡುತ್ತಿದ್ದ ಲಂಡನ್ನಿನ ವಾಟರ್‌ಲೋ ಕಂಪನಿಯಿಂದಲೇ 500 ಎಸ್ಕುಡೊ ಬೆಲೆಯ ಲಕ್ಷಾಂತರ ನೋಟುಗಳನ್ನು 1925ರಲ್ಲಿ ಮಾಡಿಸಿಕೊಂಡನು. ಮುದ್ರಕರು ಅವರೇ, ವಾಸ್ಕೋ ಡ ಗಾಮನ ಚಿತ್ರವೂ ಅದೇ. ಅಸಲಿಗೂ ಇವುಗಳಿಗೂ ಕಣ್ಣಿಗೆ ಕಾಣುವ ಭೇದವಿರಲಿಲ್ಲ. ಒಂದೇ ಕ್ರಮಸಂಖ್ಯೆಯ ಎರಡೆರಡು ನೋಟುಗಳು ಸಿಕ್ಕಾಗಲೇ ಅದೇ ವರ್ಷದ ಡಿಸೆಂಬರಿನಲ್ಲಿ ಮೋಸ ಬಯಲಾಯಿತು. ಜನರು ಗುರುತಿಸಲಾರದ ಭೇದಕ್ಕೆ ಜನರನ್ನು ಹೊಣೆ ಮಾಡುವಂತಿರಲಿಲ್ಲವಾಗಿ, ಬ್ಯಾಂಕು ಆ ಮಾದರಿಯ ನೋಟುಗಳನ್ನೆಲ್ಲ ಹಿಂದಕ್ಕೆ ಕರೆದು ಬೇರೆ ನೋಟು ಕೊಟ್ಟಿತು.

ಹಾಗಾದರೆ ಆ ನೋಟುಗಳಲ್ಲಿ ಸುಳ್ಳಾದದ್ದು ಯಾವುದು? ನಮ್ಮ ಶಾಸ್ತ್ರದ ನಿಕ್ಷೇಪ ವಿಚಾರ ಇಲ್ಲಿ ನೆರವಿಗೆ ಬರುತ್ತದೆ. ನಾಮ, ಸ್ಥಾಪನಾ, ದ್ರವ್ಯ, ಭಾವ ಎಂಬ ನಾಲ್ಕು ಬಗೆಗಳಲ್ಲಿ ವಸ್ತುವಿನ ವ್ಯವಹಾರ ನಡೆಯುತ್ತದೆ. ಕಾಗದದಲ್ಲಿ ಹಣದ ದ್ರವ್ಯವಿಲ್ಲ, ಇರುವುದು ಸ್ಥಾಪನೆ. ಇದು 500 ರೂಪಾಯಿ ಎಂದು ಅಧಿಕಾರವುಳ್ಳವರು ಸಂಕಲ್ಪಿಸಿ ಇಟ್ಟಿದ್ದಾರೆ, ಲೋಕವು ಅದನ್ನು ನಂಬಿ ನಡೆಯುತ್ತದೆ. ಜಿನಬಿಂಬಕ್ಕೂ ನೋಟಿಗೂ ಪೂಜ್ಯತೆಯಲ್ಲಿ ಯಾವ ಹೋಲಿಕೆಯೂ ಇಲ್ಲ. ಆದರೆ ಸ್ಥಾಪನೆಯ ಮರ್ಮವನ್ನು ಬಸದಿಗೆ ಹೋಗುವ ಚಿಕ್ಕ ಮಗುವೂ ಬಲ್ಲದು. ಅದೇ ಶಿಲ್ಪಿ ಅದೇ ಶಿಲೆಯಲ್ಲಿ ಕಡೆದ ಎರಡು ಪ್ರತಿಮೆಗಳಿದ್ದರೂ ವಿಧಿಪೂರ್ವಕ ಪ್ರತಿಷ್ಠೆಯಾದ ಬಿಂಬವು ಪೂಜೆಗೆ ಯೋಗ್ಯ, ಇನ್ನೊಂದು ಅಲ್ಲ. ಹಾಗೆಯೇ ರೈಸ್ ಮಾಡಿಸಿದ ನೋಟುಗಳಲ್ಲಿ ಆಕಾರವಿತ್ತು, ಕಾಗದವಿತ್ತು, ಸ್ಥಾಪನೆಯ ಅಧಿಕಾರ ಇರಲಿಲ್ಲ. ಖೋಟಾ ಎಂಬುದು ಕೇವಲ ಕಾಗದದ ಕೊರತೆಯಲ್ಲ; ಅದು ಇಡೀ ಸಮಾಜವು ಒಬ್ಬರ ಮೇಲೊಬ್ಬರು ಇಟ್ಟ ವಿಶ್ವಾಸದ ಕಳವು.

ಹೀಗಾಗಿ, ಯಾರೂ ಗುರುತಿಸದೆ ಹೋದರೆ ಖೋಟಾ ನೋಟಿನಿಂದ ಯಾರಿಗೇನು ನಷ್ಟ ಎಂಬ ವಾದವು ನಿಲ್ಲುವುದಿಲ್ಲ. ಅದು ಕೈಯಿಂದ ಕೈಗೆ ದಾಟುತ್ತಿರುವವರೆಗೆ ಮಾತ್ರ ನಷ್ಟ ಕಾಣುವುದಿಲ್ಲ. ಒಂದು ದಿನ ಅದು ನಿಲ್ಲಲೇಬೇಕು. ಪರೀಕ್ಷಿಸಬಲ್ಲವರು ಅದನ್ನು ಹೇಗೋ ದಾಟಿಸಿಬಿಡುತ್ತಾರೆ; ಪರೀಕ್ಷಿಸಲಾರದ ಮುದುಕಿಯ ಸೆರಗಿನಲ್ಲಿ, ಕುರುಡನ ಕೈಯಲ್ಲಿ, ಕೂಲಿಕಾರನ ಜೇಬಿನಲ್ಲಿ ಅದು ಕಡೆಗೆ ನಿಲ್ಲುತ್ತದೆ. ಜಾಣರೆಲ್ಲರೂ ಸೇರಿ ಕೈಬದಲಾಯಿಸಿದ ಪಾಪದ ಲೆಕ್ಕವನ್ನು ಅಮಾಯಕನೊಬ್ಬನು ತೀರಿಸುತ್ತಾನೆ.

ಹಿಂದಕ್ಕೆ ಹೋಗಬೇಕು, ಮುಂದಕ್ಕಲ್ಲ

ಚೌರ್ಯಕ್ಕೆ ಆಚಾರ್ಯರು ಹೇಳಿದ ಲಕ್ಷಣದಲ್ಲಿ ಪ್ರಮತ್ತಯೋಗವೆಂಬುದು ಮುಖ್ಯ. ಮನಸ್ಸು ಕಷಾಯಕ್ಕೂ ಅಜಾಗರೂಕತೆಗೂ ಒಳಗಾಗಿ ಕೊಡದಿರುವುದನ್ನು ತೆಗೆದುಕೊಂಡಾಗ ಅದು ಚೌರ್ಯ. ಇದರಂತೆ ವಿಚಾರಿಸಿದರೆ ಮೂರು ಸ್ಥಿತಿಗಳು ತೋರುತ್ತವೆ. ಯೋಗ್ಯವಾದ ಎಚ್ಚರಿಕೆಯಿಂದ ನೋಡಿಯೂ ತಿಳಿಯದೆ ಖೋಟಾ ನೋಟನ್ನು ಕೊಟ್ಟವನು ನಿರ್ದೋಷಿ. ನೋಡಲು ಶಕ್ತಿಯಿದ್ದೂ ನೋಡದೆ ಕೊಟ್ಟವನಿಗೆ ಪ್ರಮಾದದ ದೋಷವಿದೆ. ತಿಳಿದ ಕ್ಷಣದ ನಂತರ ಕೊಟ್ಟವನು, ಮೊದಲು ತಾನೇ ಮೋಸಹೋದವನಾದರೂ, ಆ ಕ್ಷಣದಿಂದ ಖೋಟಾಗಾರನ ಪಾಲುದಾರ. ಮೋಸಹೋದದ್ದು ಮೋಸ ಮಾಡಲು ಪರವಾನಿಗೆಯಾಗಲಾರದು. ದೇಶದ ಕಾಯ್ದೆಯೂ ಇದೇ ಮಾತನ್ನು ಹೇಳುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 179ನೆಯ ಕಲಮಿನಂತೆ, ಖೋಟಾ ಎಂದು ತಿಳಿದು ಅಥವಾ ಹಾಗೆ ನಂಬಲು ಕಾರಣವಿದ್ದೂ ಅದನ್ನು ಅಸಲಿಯೆಂದು ಬಳಸುವುದು ಅಪರಾಧ, ಜೀವಾವಧಿಯವರೆಗೆ ಶಿಕ್ಷೆಯಾಗಬಹುದು.

ಇಲ್ಲಿ ವ್ಯಾಪಾರಿಗಳ ಒಂದು ದೂರು ಸಹಜ. ಬ್ಯಾಂಕಿಗೆ ಕೊಟ್ಟರೆ ನೋಟಿನ ಮೇಲೆ ಖೋಟಾ ಎಂದು ಮುದ್ರೆ ಒತ್ತಿ ಜಪ್ತಿ ಮಾಡಿ, ರಸೀದಿ ಕೊಡುತ್ತಾರೆ, ಹಣ ಕೊಡುವುದಿಲ್ಲ. ಒಂದೇ ಸಲಕ್ಕೆ ಐದು ಅಥವಾ ಹೆಚ್ಚು ಖೋಟಾ ನೋಟುಗಳಿದ್ದರೆ ಪೊಲೀಸರಲ್ಲಿ ಪ್ರಕರಣವೂ ದಾಖಲಾಗುತ್ತದೆ. ತಪ್ಪು ಮಾಡದವನು ನಷ್ಟವನ್ನೂ ಹೊತ್ತು ವಿಚಾರಣೆಯ ಭಯವನ್ನೂ ಪಡುವುದು ನ್ಯಾಯವೇ? ಈ ನೋವು ಸುಳ್ಳಲ್ಲ. ಆದರೆ ಖೋಟಾ ನೋಟಿಗೆ ಬ್ಯಾಂಕು ಒಳ್ಳೆಯ ನೋಟು ಕೊಡತೊಡಗಿದರೆ ಖೋಟಾಗಾರನಿಗೆ ಅದಕ್ಕಿಂತ ದೊಡ್ಡ ಸಂತೆ ಬೇರೊಂದಿಲ್ಲ. ನಿಯಮವು ಕಠಿಣವಾಗಿರುವುದಕ್ಕೆ ಕಾರಣವಿದೆ. 2016-17ನೆಯ ಸಾಲಿನಲ್ಲಿ ಬ್ಯಾಂಕುಗಳಲ್ಲಿ ಸಿಕ್ಕಿಬಿದ್ದ ಖೋಟಾ ನೋಟುಗಳು ಸುಮಾರು 7.62 ಲಕ್ಷ, 2022-23ರಲ್ಲಿ ಸುಮಾರು 2.25 ಲಕ್ಷ. ಸಂಖ್ಯೆ ಇಳಿದಿದೆ, ಹಾವಳಿ ನಿಂತಿಲ್ಲ. ಇವು ಸಿಕ್ಕಿಬಿದ್ದವುಗಳ ಲೆಕ್ಕ ಮಾತ್ರ.

ಈಗ ಸಂತೆಯ ಊರಿನ ವ್ಯಾಪಾರಿಯ ಸಂಗತಿ. ಅವರು ವೃದ್ಧೆಗೆ ಸಾಮಾನನ್ನು ಕೊಟ್ಟು ಕಳಿಸಿದರು. ನೋಟನ್ನು ಗಲ್ಲಾಪೆಟ್ಟಿಗೆಗೆ ಹಾಕದೆ ಬೇರೆಯಾಗಿ ಇಟ್ಟರು. ಮರುದಿನ ಬೆಳಿಗ್ಗೆ ಅವಳನ್ನು ಕರೆದುಕೊಂಡು ಹೊಲದ ಮಾಲಕರ ಮನೆಗೆ ಹೋದರು. ಮಾಲಕರಿಗೆ ಮೊದಲು ಸಿಟ್ಟು ಬಂದಿತು. ತಮ್ಮ ಮನೆಯಿಂದಲೇ ಅದು ಹೋಯಿತೆಂಬುದಕ್ಕೆ ಸಾಕ್ಷಿಯೇನು ಎಂದರು. ವ್ಯಾಪಾರಿ ವಾದ ಮಾಡಲಿಲ್ಲ. "ಅಣ್ಣಾ, ಸಾಕ್ಷಿ ಇಲ್ಲ. ನೀವು ಒಲ್ಲೆ ಅಂದರೆ ಇದನ್ನು ನಮ್ಮ ಲುಕ್ಸಾನು ಖಾತೆಗೆ ಬರೆದುಕೊಳ್ಳುತ್ತೇವೆ. ಆದರೆ ಇದು ಈ ಅಜ್ಜಿಯ ಲೆಕ್ಕಕ್ಕೆ ಹೋಗಬಾರದು" ಎಂದಷ್ಟೇ ಹೇಳಿದರು. ಮಾಲಕರು ಸ್ವಲ್ಪ ಹೊತ್ತು ಸುಮ್ಮನಿದ್ದು ಒಳಗೆ ಹೋಗಿ ಬೇರೆ ನೋಟು ತಂದುಕೊಟ್ಟರು. ತಮಗೆ ಅದು ಎಲ್ಲಿಂದ ಬಂದಿತೆಂಬುದು ಅವರಿಗೆ ನೆನಪಾಗಲಿಲ್ಲ. ಇಬ್ಬರೂ ಕೂಡಿ ಬ್ಯಾಂಕಿಗೆ ಹೋಗಿ ಆ ನೋಟನ್ನು ಒಪ್ಪಿಸಿ ರಸೀದಿ ಪಡೆದರು. ನಷ್ಟವು ಅಲ್ಲಿಗೆ ನಿಂತಿತು.

ಇದರಲ್ಲಿ ಒಂದು ಸೂತ್ರ ಅಡಗಿದೆ. ಖೋಟಾ ನೋಟು ಬಂದ ದಾರಿಯಲ್ಲಿ ಹಿಂದಕ್ಕೆ ಹೋಗಬಹುದು, ಏಕೆಂದರೆ ಹಿಂದೆ ಎಲ್ಲಿಯೋ ಅದರ ಮೂಲವಿದೆ. ಮುಂದಕ್ಕೆ ಹೋಗಕೂಡದು, ಏಕೆಂದರೆ ಮುಂದೆ ಇರುವವರೆಲ್ಲರೂ ನಿರಪರಾಧಿಗಳು. ಹಿಂದಿನ ದಾರಿ ಮುಚ್ಚಿಹೋದಾಗ, ತಿಳಿದವನ ಕೈಯಲ್ಲಿಯೇ ಅದು ನಿಲ್ಲಬೇಕು. ಆ ನಷ್ಟವು ಅವನಿಗೆ ದಂಡವಲ್ಲ, ಅವನ ತಿಳಿವಳಿಕೆಗೆ ಬಂದ ಹೊಣೆ. ಒಂದು ಓಣಿಯ ವರ್ತಕರು ಕೂಡಿ, ಬಡ ಗಿರಾಕಿಗಳಿಂದ ಬರುವ ಇಂತಹ ನಷ್ಟವನ್ನು ಹಂಚಿಕೊಳ್ಳುವ ಪದ್ಧತಿ ಮಾಡಿದರೆ ಯಾರೊಬ್ಬರಿಗೂ ಭಾರವಾಗಲಾರದು.

ಕಾಣಿಕೆಯ ಪೆಟ್ಟಿಗೆಯ ಮುಂದೆ

ಉತ್ತರಪುರಾಣದಲ್ಲಿ ಬರುವ ಸತ್ಯಘೋಷನ ಕಥೆಯನ್ನು ಬಲ್ಲವರು ಅನೇಕರು. ಸತ್ಯವಂತನೆಂದು ಹೆಸರಾದ ಅವನು, ವರ್ತಕನೊಬ್ಬನು ನಂಬಿ ಇಟ್ಟ ರತ್ನಗಳನ್ನು ನುಂಗಿ, ತಾನು ಕಂಡೇ ಇಲ್ಲವೆಂದನು. ರಾಣಿ ರಾಮದತ್ತೆಯ ಜಾಣ್ಮೆಯಿಂದ ರತ್ನಗಳು ಹೊರಬಂದವು. ರಾಜ ಸಿಂಹಸೇನನು ಅವನ್ನು ಅರಮನೆಯ ರತ್ನಗಳೊಡನೆ ಬೆರೆಸಿ ವರ್ತಕನ ಮುಂದಿಟ್ಟಾಗ, ಅವನು ತನ್ನವನ್ನು ಮಾತ್ರ ಆರಿಸಿಕೊಂಡು ಉಳಿದವನ್ನು ಮುಟ್ಟಲಿಲ್ಲ. ಸತ್ಯಘೋಷನಲ್ಲಿ ಹೆಸರಿತ್ತು, ಮುದ್ರೆಯಿತ್ತು, ಒಳಗೆ ಸರಕಿರಲಿಲ್ಲ. ಅವನೇ ಒಂದು ಖೋಟಾ ನೋಟು. ತನ್ನದಲ್ಲದ್ದನ್ನು ಗುರುತಿಸಿ ಪಕ್ಕಕ್ಕೆ ಸರಿಸಿದ ಆ ವರ್ತಕನು ನಿಜವಾದ ಪರೀಕ್ಷಕ.

ಈ ಮಾತು ಉತ್ಸವದ ಸಂದರ್ಭದಲ್ಲಿ ಏಕೆ ಎಂದರೆ, ಎಲ್ಲಿಯೂ ಸಾಗದ ನೋಟು ಕಡೆಗೆ ದೇವಸ್ಥಾನದ ಕಾಣಿಕೆಯ ಪೆಟ್ಟಿಗೆಗೆ ಬರುವುದುಂಟು. ಅಂಗಡಿಯಲ್ಲಿ ಕೊಟ್ಟರೆ ಹಿಡಿಯುತ್ತಾರೆ, ಭಗವಂತನು ಏನೂ ಕೇಳುವುದಿಲ್ಲ ಎಂಬ ಎಣಿಕೆ. ವೀತರಾಗನಿಗೆ ಅಸಲಿನ ಅಪೇಕ್ಷೆಯೂ ಇಲ್ಲ, ನಕಲಿಯ ಉಪೇಕ್ಷೆಯೂ ಇಲ್ಲ. ಹಾನಿಯೆಲ್ಲ ಹಾಕಿದವನ ಭಾವಕ್ಕೆ. ಶ್ರಾವಕನ ಗುಣಗಳನ್ನು ಹೇಳುವಾಗ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿಯೂ, ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿಯೂ, ನ್ಯಾಯದಿಂದ ಗಳಿಸಿದ ಧನವನ್ನೇ ಮೊಟ್ಟಮೊದಲು ಇಟ್ಟಿದ್ದಾರೆ. ಧನವೇ ಅಲ್ಲದ್ದನ್ನು ದಾನವೆಂದು ಕೊಟ್ಟರೆ ಅದು ಯಾವ ಪುಣ್ಯಕ್ಕೆ ಕಾರಣವಾದೀತು?

ಟ್ರಸ್ಟುಗಳಿಗೂ ಇದರಲ್ಲಿ ಕರ್ತವ್ಯವಿದೆ. ಕಾಣಿಕೆಯನ್ನು ಎಣಿಸುವಾಗ ಸಿಕ್ಕ ಖೋಟಾ ನೋಟನ್ನು ಅಡಿಗೆಯವರ ಪಗಾರದಲ್ಲಿಯೋ ಹೂವಾಡಿಗರ ಲೆಕ್ಕದಲ್ಲಿಯೋ ಸೇರಿಸಿಬಿಡುವ ಯೋಚನೆ ಒಂದು ಕ್ಷಣವೂ ಬರಕೂಡದು. ಬ್ಯಾಂಕಿಗೆ ಒಪ್ಪಿಸಿ, ರಸೀದಿಯನ್ನು ಲೆಕ್ಕಪತ್ರದೊಡನೆ ಇಟ್ಟು, ವಾರ್ಷಿಕ ಸಭೆಯಲ್ಲಿ ಸಂಕೋಚವಿಲ್ಲದೆ ಹೇಳಬೇಕು. ಧರ್ಮಸಂಸ್ಥೆಯ ಹಣದ ಪೆಟ್ಟಿಗೆಯೇ ಪ್ರತಿರೂಪಕ ವ್ಯವಹಾರಕ್ಕೆ ದಾರಿಯಾದರೆ ಪ್ರವಚನ ಕೇಳಿ ಪ್ರಯೋಜನವೇನು? ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ಹಿರಿಯರು ಹೇಳಿಲ್ಲವೇ?

ಮನೆಯ ಮಕ್ಕಳಿಗೂ ಮುದುಕರಿಗೂ ಒಂದು ನೋಟನ್ನು ಬೆಳಕಿಗೆ ಹಿಡಿದು ಅದರ ಗುರುತುಗಳನ್ನು ತೋರಿಸಿಕೊಡಬೇಕು. ಠಕ್ಕುರ ಫೇರು ಮಗನಿಗಾಗಿ ಮಾಡಿದ್ದೂ ಇದನ್ನೇ. ಕೂಲಿ ಕೊಡುವವರು ತಾವೇ ನೋಡಿ ಕೊಟ್ಟರೆ ಪಡೆಯುವವರು ಹೆದರಬೇಕಾಗಿಲ್ಲ. ಈಗ ಹಣವು ಮೊಬೈಲಿನಲ್ಲಿ ಓಡಾಡುತ್ತಿದೆ. ಅಂಗಡಿಯ ಚೌಕಟ್ಟಿನ ಚಿತ್ರಸಂಕೇತದ ಮೇಲೆ ತನ್ನದನ್ನು ಅಂಟಿಸಿ ಹೋಗುವ ವಂಚಕರೂ ಹುಟ್ಟಿಕೊಂಡಿದ್ದಾರೆ. ರೂಪ ಬದಲಾದರೂ ಪ್ರತಿರೂಪಕದ ಸ್ವಭಾವ ಬದಲಾಗಿಲ್ಲ. ಮುದ್ರಣಾಲಯವು ಕುಶಲತೆಯ ಕೋಟೆಯನ್ನು ಕಟ್ಟಬಲ್ಲುದು, ಸರಕಾರವು ಕಾಯ್ದೆಯ ಕೋಟೆಯನ್ನು ಕಟ್ಟಬಲ್ಲುದು. ಮೂರನೆಯದಾದ ಆಚರಣೆಯ ಕೋಟೆಯನ್ನು ಕಟ್ಟಬೇಕಾದವರು ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರು. ಸಂತೆಯ ಗದ್ದಲದಲ್ಲಿ, ಯಾರೂ ನೋಡದಿರುವಾಗ, ಕೈಯಲ್ಲಿರುವ ನೋಟು ಖೋಟಾ ಎಂದು ತಿಳಿದ ಆ ಒಂದು ಗಳಿಗೆಯಲ್ಲಿ ಅದು ನಿಲ್ಲುತ್ತದೆ ಅಥವಾ ಬೀಳುತ್ತದೆ.

ಸಕಲ ಧರ್ಮಬಂಧುಗಳ ಅಚೌರ್ಯ ವ್ರತವು ನಿರತಿಚಾರವಾಗಿ ನಡೆಯಲಿ.

ಜೈ ಜಿನೇಂದ್ರ.